ಹಾರ್ಟ್‌ಫರ್ಡಿನದೋ, ಇಟಲಿಯದೋ? ಕೋಲ್ಟ್ ಮಾದರಿಯ ರಿವಾಲ್ವರ್ ಭಾಗಗಳನ್ನು ನೋಡಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಯಾವ ಗನ್ ಶೋಗೆ ಹೋದರೂ ಹಳೇ ಕೋಲ್ಟ್‌ನ ಹಾಗೆ ಕಾಣುವ ರಿವಾಲ್ವರ್ ಒಂದಲ್ಲ ಒಂದು ಮೇಜಿನ ಮೇಲೆ ಇದ್ದೇ ಇರುತ್ತದೆ. ಎಂಟು ಮೂಲೆಯ ಬ್ಯಾರಲ್, ಹಿತ್ತಾಳೆಯ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ), ಗುಂಡು ಕೂರುವ, ತಿರುಗುವ ಸಿಲಿಂಡರ್ ಮೇಲೆ ಹಡಗುಗಳ ಚಿತ್ರ. ಒಂದಕ್ಕೆ ಕೆಲವು ನೂರು ಡಾಲರ್ ಹೇಳುತ್ತಾರೆ, ಪಕ್ಕದ್ದಕ್ಕೆ ಕೆಲವು ಸಾವಿರ. ಎರಡೂ ದೂರದಿಂದ ಒಂದೇ ಥರ. ಒಂದು ಕೋಲ್ಟ್ ಕಾರ್ಖಾನೆಯ ಊರಾದ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದ್ದು, ಇನ್ನೊಂದು ಇಟಲಿಯದು. ಇನ್ನೂ ಕೆಲವು ಎರಡು ಕಡೆಯ ಕೆಲಸ ಸೇರಿ ಆದವು. ನಿಜವಾದ ಗೊಂದಲ ಇರೋದು ಈ ಕೊನೆಯ ಗುಂಪಿನಲ್ಲಿ.

ಈ ಬರಹದಲ್ಲಿ ‘ಸ್ವದೇಶಿ’ ಅಂದರೆ ಅಮೆರಿಕದಲ್ಲಿ ಮಾಡಿದ್ದು, ‘ಆಮದು’ ಅಂದರೆ ಮುಖ್ಯವಾಗಿ ಇಟಲಿಯಿಂದ ಬಂದದ್ದು. ಅಲ್ಲಿರುವ ನಮ್ಮವರಲ್ಲಿ ಹಳೇ ಕೋವಿಗಳ ಸಂಗ್ರಹದ ಹುಚ್ಚು ಹಿಡಿದವರಿಗೆ ಇದು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ, ಬೇಗನೆ

ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಅವನ ಹೆಸರು ಉಳಿಸಿದ ಮಾದರಿಗಳಲ್ಲಿ ಮೂರನ್ನು ನೀವು ಪದೇ ಪದೇ ನೋಡುತ್ತೀರಿ: 1851ರ ನೇವಿ, 1860ರ ಆರ್ಮಿ, 1873ರ ಸಿಂಗಲ್ ಆಕ್ಷನ್ ಆರ್ಮಿ. ಮೊದಲೆರಡು ನಮ್ಮ ಮಲೆನಾಡಿನ ಕೇಪಿನ ಕೋವಿಯ ಜಾತಿಯವು. ಮದ್ದು, ಗುಂಡು, ಕೇಪು (ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಪುಟ್ಟ ಟೋಪಿ) ಎಲ್ಲ ಬೇರೆ ಬೇರೆ ಹಾಕಬೇಕು. ಮೂರನೆಯದು ತೋಟಾ ಹಾಕುವಂಥದ್ದು.

1950ರ ದಶಕದ ಕೊನೆಗೆ ಅಮೆರಿಕದ ಅಂತರ್ಯುದ್ಧದ ನೂರನೇ ವರ್ಷ ಹತ್ತಿರ ಬಂತು. ಹಳೇ ರಿವಾಲ್ವರ್‌ಗಳಿಗೆ ಬೇಡಿಕೆ ಎದ್ದಿತು. ನ್ಯೂಜೆರ್ಸಿಯ ವ್ಯಾಪಾರಿ ವ್ಯಾಲ್ ಫೋರ್ಗೆಟ್ ಇಟಲಿಯ ಬ್ರೆಷಾ ಪ್ರಾಂತ್ಯದ ಗಾರ್ಡೋನೆ ವಾಲ್ ಟ್ರೊಂಪಿಯಾ ಎಂಬ ಊರಿನಲ್ಲಿ ನಕಲು ಮಾಡಿಸಲು ಶುರು ಮಾಡಿದರು. ಅದು ತಲೆತಲಾಂತರದಿಂದ ಕೋವಿ ಮಾಡುವ ಕಣಿವೆ. ಆಲ್ಡೊ ಉಬರ್ಟಿ 1959ರಲ್ಲಿ ಅಲ್ಲೇ ಕಂಪನಿ ಕಟ್ಟಿದರು. ಆಮೇಲೆ ಪಿಯೆಟ್ಟಾ, ಆರ್ಮಿ ಸ್ಯಾನ್ ಮಾರ್ಕೊ, ಆರ್ಮಿ ಸ್ಯಾನ್ ಪಾವೊಲೊ ಹೀಗೆ ಹಲವರು ಬಂದರು. ಈಗ ಮೇಜಿನ ಮೇಲೆ ಕಾಣುವ ಬಹುಪಾಲು ‘ಹಳೇ ಕೋಲ್ಟ್’ ಆ ಕಣಿವೆಯವೇ.

ಮುಟ್ಟುವ ಮೊದಲು

ಮಾಲೀಕರನ್ನು ಕೇಳದೆ ಕೈಗೆತ್ತಿಕೊಳ್ಳಬೇಡಿ. ಎತ್ತಿಕೊಂಡ ಮೇಲೆ ಬ್ಯಾರಲ್ ಬಾಯಿ ಯಾರ ಕಡೆಗೂ ತಿರುಗಬಾರದು, ಬೆರಳು ಟ್ರಿಗರ್ ಮೇಲೆ ಹೋಗಬಾರದು. ಕೇಪಿನ ರಿವಾಲ್ವರ್ ಆದರೆ ಸಿಲಿಂಡರ್‌ನ ಹಿಂದೆ ನಿಪ್ಪಲ್‌ಗಳ ಮೇಲೆ ಕೇಪು ಕೂತಿದೆಯೇ, ಮುಂದಿನ ಗುಳಿಗಳಲ್ಲಿ ಗುಂಡು ಕಾಣುತ್ತದೆಯೇ ಅಂತ ಪಕ್ಕದಿಂದ ಟಾರ್ಚ್ ಹಾಕಿ ನೋಡಿ. 1873ರದಾದರೆ ತೋಟಾ ಹಾಕುವ ಪಕ್ಕದ ಬಾಗಿಲು, ಅಂದರೆ ಲೋಡಿಂಗ್ ಗೇಟ್, ತೆರೆದು ಎಲ್ಲ ಗುಳಿಯನ್ನೂ ನೋಡಿ. ಅಜ್ಜನ ಕಾಲದ್ದು, ಎಂದೂ ಈಡು ತುಂಬಿಲ್ಲ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಬೇಕಾದ ಸಾಮಾನು ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚ್, ಒಂದು ಅಯಸ್ಕಾಂತ, ಮೆತ್ತನೆ ಬಟ್ಟೆ, ಹತ್ತಿರದಿಂದ ಫೋಟೋ ತೆಗೆಯಬಲ್ಲ ಫೋನ್. ಸ್ಕ್ರೂಡ್ರೈವರ್ ಮನೆಯಲ್ಲೇ ಇರಲಿ. ಇಟಲಿಯ ಸ್ಕ್ರೂಗಳ ಮರೆ (ಮೈಮೇಲಿನ ಸುತ್ತುಗೆರೆ) ಮಿಲಿಮೀಟರ್ ಅಳತೆಯದು, ಹಾರ್ಟ್‌ಫರ್ಡಿನದು ಅಂಗುಲದ ಲೆಕ್ಕದ್ದು. ಗೊತ್ತಿಲ್ಲದೆ ಒಂದನ್ನು ಇನ್ನೊಂದರ ತೂತಿಗೆ ಒತ್ತಿ ತಿರುಗಿಸಿದರೆ ಮರೆ ಹಾಳು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಫೆಡರಲ್ ಕಾನೂನು 1898 ಅಥವಾ ಅದಕ್ಕೂ ಮೊದಲು ಮಾಡಿದ ಕೋವಿಗಳನ್ನೂ, ಕೇಪಿನ ರಿವಾಲ್ವರ್‌ಗಳ ಇಂದಿನ ನಕಲುಗಳನ್ನೂ ಸಾಮಾನ್ಯವಾಗಿ ‘ಆಂಟಿಕ್’ ಎಂದು ಪರಿಗಣಿಸುತ್ತದೆ. ಅದನ್ನು ನಂಬಿಕೊಂಡು ಊರಿಗೆ ತರುವ ಯೋಚನೆ ಮಾಡಬೇಡಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಹೊರಗಿನಿಂದ ತರಲು ಬೇರೆಯೇ ಪರವಾನಗಿ ಬೇಕು.

ಹಂತ 1: ಇಂಥದ್ದನ್ನು ಕೋಲ್ಟ್ ಮಾಡಿತ್ತೇ?

ಮಾರ್ಕು ಹುಡುಕುವ ಮೊದಲು ಇಡೀ ರಿವಾಲ್ವರನ್ನು ಒಮ್ಮೆ ನೋಡಿ. ನಕಲುಗಳಲ್ಲಿ ಎಷ್ಟೋ ಇಲ್ಲೇ ಸಿಕ್ಕಿಬೀಳುತ್ತವೆ.

1851ರ ನೇವಿ .36 ಕ್ಯಾಲಿಬರ್‌ನದು (ಕ್ಯಾಲಿಬರ್ ಅಂದರೆ ಬ್ಯಾರಲ್ ತೂತಿನ ಅಳತೆ). .44 ಕ್ಯಾಲಿಬರ್‌ನ ‘1851 ನೇವಿ’ಯನ್ನು ಕೋಲ್ಟ್ ಮಾಡಲೇ ಇಲ್ಲ. ಅದು ಇಟಲಿಯವರು ಅಮೆರಿಕದ ಗಿರಾಕಿಗಾಗಿ ಹುಟ್ಟುಹಾಕಿದ ಮಾದರಿ. ಇನ್ನು ಫ್ರೇಮ್. ನೇವಿಯ ಟ್ರಿಗರ್ ಗಾರ್ಡ್ ಮತ್ತು ಹಿಡಿಕೆಯ ಬೆನ್ನಿನ ಪಟ್ಟಿಯಾದ ಬ್ಯಾಕ್‌ಸ್ಟ್ರಾಪ್ ಹಿತ್ತಾಳೆಯವು ನಿಜ, ಆದರೆ ನಡುವಿನ ಫ್ರೇಮ್ ಕಬ್ಬಿಣದ್ದು. ಫ್ರೇಮೇ ಹಳದಿಯಾಗಿ ಹೊಳೆಯುತ್ತಿದ್ದರೆ ಅದು ಹಾರ್ಟ್‌ಫರ್ಡಿನದಲ್ಲ. ಅಂತರ್ಯುದ್ಧದಲ್ಲಿ ದಕ್ಷಿಣದವರಿಗೆ ಕಬ್ಬಿಣ ಸಾಲದೆ ಜಾರ್ಜಿಯಾದ ಗ್ರಿಸ್ವೋಲ್ಡ್ ಅಂಡ್ ಗನ್ನಿಸನ್ ಕಾರ್ಖಾನೆ ಹಿತ್ತಾಳೆ ಫ್ರೇಮಿನ ರಿವಾಲ್ವರ್ ಮಾಡಿತ್ತು. ಅದರ ಬ್ಯಾರಲ್ ದುಂಡಗಿತ್ತು, ಅಸಲಿ ಈಗ ತುಂಬ ಅಪರೂಪ. ನಿಮ್ಮೆದುರಿನ ಮೇಜಿನ ಮೇಲೆ ಸುಮ್ನೆ ಬಿದ್ದಿರುವ ಸಾಧ್ಯತೆ ಇಲ್ಲ ಅಂತಲೇ ಇಟ್ಟುಕೊಳ್ಳಿ.

1860ರ ಆರ್ಮಿಯಲ್ಲಿ ಅಯಸ್ಕಾಂತ ತೆಗೆಯಿರಿ. ಸಾಮಾನ್ಯ ಆರ್ಮಿಗೆ ಟ್ರಿಗರ್ ಗಾರ್ಡ್ ಹಿತ್ತಾಳೆ, ಬ್ಯಾಕ್‌ಸ್ಟ್ರಾಪ್ ಉಕ್ಕು. ಬ್ಯಾಕ್‌ಸ್ಟ್ರಾಪ್‌ಗೆ ಅಯಸ್ಕಾಂತ ಅಂಟದಿದ್ದರೆ ಆ ಭಾಗ ಬದಲಾಗಿರಬಹುದು, ಅಥವಾ ಪೂರ್ತಿ ರಿವಾಲ್ವರೇ ನಕಲಾಗಿರಬಹುದು.

ಹಂತ 2: ಗಾರ್ಡೋನೆಯ ಠಸ್ಸೆ

ಇಟಲಿಯಲ್ಲಿ ಕೋವಿ ಮಾರಾಟಕ್ಕೆ ಹೋಗುವ ಮೊದಲು ಪ್ರೂಫ್ ಹೌಸ್‌ನಲ್ಲಿ ಪರೀಕ್ಷೆ ಆಗಬೇಕು. ಮಾಮೂಲಿಗಿಂತ ಜಾಸ್ತಿ ಒತ್ತಡದ ಈಡು ಹಾರಿಸಿ, ತಾಳಿದರೆ ಠಸ್ಸೆ ಹೊಡೆಯುತ್ತಾರೆ. ಅದನ್ನೇ ಪ್ರೂಫ್ ಮಾರ್ಕ್ ಎನ್ನುವುದು. ಬ್ಯಾರಲ್, ಫ್ರೇಮ್, ಸಿಲಿಂಡರ್ ಮೇಲೆ ಹುಡುಕಿ. ಕೇಪಿನ ರಿವಾಲ್ವರ್‌ನಲ್ಲಿ ಗುಂಡು ಒತ್ತಿ ಕೂರಿಸುವ ಲೋಡಿಂಗ್ ಲಿವರ್ ಕೆಳಗೆ ಬಚ್ಚಿಟ್ಟಿರುವುದೂ ಉಂಟು.

ಏನು ಕಾಣಬೇಕು? ಒಂದು ಹಲ್ಲುಚಕ್ರದೊಳಗೆ ನಕ್ಷತ್ರ, ಅದರ ಜೊತೆ ಪಿಎನ್ ಅಕ್ಷರಗಳಿದ್ದರೆ ಕರಿಮದ್ದಿನ ಪರೀಕ್ಷೆ ಆಗಿದೆ ಅಂತ. ಪಿಎಸ್‌ಎಫ್ ಇದ್ದರೆ ಹೊಗೆ ಬಾರದ ಮದ್ದಿನ ಪರೀಕ್ಷೆ. ಗಾರ್ಡೋನೆಯ ಲಾಂಛನದಲ್ಲಿ ಒಂದರ ಮೇಲೊಂದು ಅಡ್ಡ ಇಟ್ಟ ಕೋವಿಗಳಿವೆ.

ಈ ಠಸ್ಸೆಗಳ ಪಕ್ಕದಲ್ಲಿ ಚಿಕ್ಕ ಚೌಕದೊಳಗೆ ಒಂದೆರಡು ಅಕ್ಷರ ಇರುತ್ತದೆ. ನನ್ನ ಪ್ರಕಾರ ಇಡೀ ರಿವಾಲ್ವರ್‌ನಲ್ಲಿ ಅತಿ ಉಪಯೋಗದ ಗುರುತು ಇದೇ. ಅದು ಪರೀಕ್ಷೆ ಆದ ವರ್ಷ. 1945ರಿಂದ ರೋಮನ್ ಅಂಕಿಯ ಲೆಕ್ಕ ಶುರು: ರೋಮನ್ ಹತ್ತು ಅಂದರೆ 1954, ಇಪ್ಪತ್ತು ಅಂದರೆ 1964, ಮೂವತ್ತು ಅಂದರೆ 1974. 1975ರಿಂದ ಎರಡೆರಡು ಅಕ್ಷರ. ಎಎ ಅಂದರೆ 1975, ಎಬಿ 1976, ಎಸಿ 1977. 1990ಕ್ಕೆ ಎಝಡ್, 1991ಕ್ಕೆ ಬಿಎ. 2005ಕ್ಕೆ ಬಿಝಡ್, 2006ಕ್ಕೆ ಸಿಎ. ನಡುವೆ ಕೆಲವು ಅಕ್ಷರ ಬಿಟ್ಟಿದ್ದಾರೆ, ಹಾಗಾಗಿ ಬೆರಳೆಣಿಸಿ ವರ್ಷ ಹೇಳಲು ಹೋಗಬೇಡಿ. ಪೂರ್ತಿ ಪಟ್ಟಿಯನ್ನು ಫೋನ್‌ನಲ್ಲಿ ಇಟ್ಟುಕೊಳ್ಳಿ.

ತಯಾರಕರ ಗುರುತೂ ಇರಬಹುದು. ಪಿಯೆಟ್ಟಾದ್ದು ವಜ್ರಾಕಾರದೊಳಗೆ ಎಫ್‌ಎಪಿ. ಆರ್ಮಿ ಸ್ಯಾನ್ ಮಾರ್ಕೊದ್ದು ಎಎಸ್‌ಎಂ. ಉಬರ್ಟಿ ಅನೇಕ ಕಡೆ ಹೆಸರನ್ನೇ ಬರೆಯುತ್ತದೆ. ‘ಕರಿಮದ್ದಿಗೆ ಮಾತ್ರ’ ಎಂಬ ಇಂಗ್ಲಿಷ್ ಎಚ್ಚರಿಕೆ ಬ್ಯಾರಲ್ ಮೇಲೆ ಕಂಡರೆ ಅದು ಇತ್ತೀಚಿನದೇ. 1851ರಲ್ಲಿ ಬೇರೆ ಮದ್ದು ಎಲ್ಲಿತ್ತು?

ತೋಟಾ ಹಾಕುವ 1873ರ ಮಾದರಿಯಲ್ಲಿ ಆಮದುದಾರರ ಹೆಸರು, ಊರು ಇರಲೇಬೇಕು. 1968ರ ಗನ್ ಕಂಟ್ರೋಲ್ ಆಕ್ಟ್ ಬಂದ ಮೇಲಿನ ನಿಯಮ ಅದು. ಸಿಮರಾನ್ ಹೆಸರು ಟೆಕ್ಸಾಸ್‌ನ ಫ್ರೆಡರಿಕ್ಸ್‌ಬರ್ಗ್ ಜೊತೆ ಇರುತ್ತದೆ. ಟೇಲರ್ಸ್ ಹೆಸರು ವರ್ಜೀನಿಯಾದ ವಿಂಚೆಸ್ಟರ್ ಜೊತೆ. ಹೊಸಬರು ಎಡವುವುದು ಇಲ್ಲೇ. ಅಮೆರಿಕದ ಊರಿನ ಹೆಸರು ಓದಿ ಸ್ವದೇಶಿ ಅಂದುಕೊಳ್ಳುತ್ತಾರೆ. ಅದು ತರಿಸಿಕೊಂಡವರ ವಿಳಾಸ, ಮಾಡಿದವರದಲ್ಲ.

ಎಲ್ಲ ವಿದೇಶಿ ಠಸ್ಸೆಯೂ ‘ಹೊಸ ನಕಲು’ ಅಂತ ಹೇಳುವುದಿಲ್ಲ, ನೆನಪಿರಲಿ. ಮೊಟ್ಟೆಯಾಕಾರದೊಳಗೆ ಇಎಲ್‌ಜಿ ಮತ್ತು ನಕ್ಷತ್ರ ಇದ್ದರೆ ಬೆಲ್ಜಿಯಂನ ಲಿಯೇಜ್. 1850ರ ದಶಕದಲ್ಲೇ ಅಲ್ಲಿ ಕೋಲ್ಟ್ ಮಾದರಿ ಮಾಡುತ್ತಿದ್ದರು. ಆ ಮೊಟ್ಟೆಯ ಮೇಲೆ ಕಿರೀಟ ಇದ್ದರೆ 1893ರ ನಂತರದ್ದು, ಇಲ್ಲದಿದ್ದರೆ ಮೊದಲಿನದು. ಕೋಲ್ಟ್ ಕೂಡ 1853ರಿಂದ ಕೆಲವು ವರ್ಷ ಲಂಡನ್‌ನ ಪಿಮ್ಲಿಕೋದಲ್ಲಿ ಸ್ವಂತ ಕಾರ್ಖಾನೆ ನಡೆಸಿದ. ಆ ರಿವಾಲ್ವರ್‌ಗಳ ಮೇಲೆ ಲಂಡನ್ ವಿಳಾಸ, ಕಿರೀಟದ ಬ್ರಿಟಿಷ್ ಪ್ರೂಫ್ ಮಾರ್ಕ್ ಎರಡೂ ಇರುತ್ತವೆ, ಅವು ಪಕ್ಕಾ ಅಸಲಿ.

ಹಂತ 3: ಠಸ್ಸೆಯೇ ಇಲ್ಲದಿದ್ದರೆ

ಗಾರ್ಡೋನೆಯ ಠಸ್ಸೆ ಇದ್ದರೆ ಇಟಲಿ ಎನ್ನಬಹುದು. ಇಲ್ಲದಿದ್ದರೆ ಅಮೆರಿಕ ಎನ್ನಲಾಗದು. ಯಾಕೆಂದರೆ ಠಸ್ಸೆಯನ್ನು ಅಳಿಸಬಹುದು.

ಅಂತರ್ಯುದ್ಧದ ಮರುನಟನೆ ಮಾಡುವವರು ಅಮೆರಿಕದಲ್ಲಿ ಸಾವಿರಾರು ಜನ ಇದ್ದಾರೆ. ಇಟಲಿಯ ಅಕ್ಷರ ಕಂಡರೆ ಅವರ ವೇಷಕ್ಕೆ ಕುಂದು. ಹಾಗಾಗಿ ಈಗಿನ ಗುರುತನ್ನೆಲ್ಲ ತೆಗೆಸಿ, ಹಳೇ ಕೋಲ್ಟ್ ವಿಳಾಸ ಕೊರೆಸುತ್ತಾರೆ. ಅದಕ್ಕೆ ಡಿಫಾರ್ಬಿಂಗ್ ಎಂದು ಹೆಸರು. ಅದರಲ್ಲಿ ಮೋಸ ಇಲ್ಲ. ಆ ರಿವಾಲ್ವರ್ ಎರಡು ಮೂರು ಕೈ ದಾಟಿ, ‘ಮುತ್ತಜ್ಜನದು’ ಎಂಬ ಕಥೆ ಸೇರಿಕೊಂಡಾಗ ಮೋಸ ಶುರುವಾಗುತ್ತದೆ.

ಅಳಿಸಿದ್ದನ್ನು ಕಂಡುಹಿಡಿಯುವುದು ಬೆಳಕಿನ ಆಟ. ಬ್ಯಾರಲ್ಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಟ್ಯೂಬ್‌ಲೈಟ್‌ನ ಅಥವಾ ಕಿಟಕಿಯ ಅಂಚಿನ ಪ್ರತಿಬಿಂಬ ಅದರ ಮೇಲೆ ಬೀಳುವಂತೆ ಮಾಡಿ. ನಿಧಾನಕ್ಕೆ ವಾಲಿಸಿ. ಸಪಾಟಾದ ಮೈ ಮೇಲೆ ಗೆರೆ ನೇರವಾಗಿ ಜಾರುತ್ತದೆ. ಒಂದು ಕಡೆ ಅದು ಬಳುಕಿದರೆ ಅಲ್ಲಿ ತಗ್ಗಿದೆ, ಯಾರೋ ಅರ ಹಾಕಿದ್ದಾರೆ. ಎಂಟು ಮೂಲೆಯ ಬ್ಯಾರಲ್‌ನಲ್ಲಿ ಇದು ಸುಲಭ, ಯಾಕೆಂದರೆ ಪಕ್ಕದ ಅಂಚೂ ಸಾಕ್ಷಿ ಹೇಳುತ್ತದೆ. ಉಳಿದ ಅಂಚುಗಳು ಚೂಪಾಗಿದ್ದು, ಲೋಡಿಂಗ್ ಲಿವರ್ ಹತ್ತಿರದ ಒಂದೇ ಅಂಚು ದುಂಡಗಾಗಿದ್ದರೆ ಅನುಮಾನ ಪಡಿ. ದುಂಡು ಬ್ಯಾರಲ್‌ನಲ್ಲಿ ಕಷ್ಟ ಜಾಸ್ತಿ. ಅಲ್ಲಿ ಬಣ್ಣ ನೋಡಿ. ಅಳಿಸಿದ ಜಾಗಕ್ಕೆ ಮತ್ತೆ ಬ್ಲೂಯಿಂಗ್, ಅಂದರೆ ಉಕ್ಕಿನ ಕಡು ನೀಲಿ ಬಣ್ಣ, ಹಾಕಿರುತ್ತಾರೆ. ಬಾಟಲಿಯಿಂದ ಹಚ್ಚುವ ಬ್ಲೂಯಿಂಗ್ ಕಾರ್ಖಾನೆಯ ಬಣ್ಣಕ್ಕೆ ಕೂಡುವುದಿಲ್ಲ, ಬಿಸಿಲಿಗೆ ಹಿಡಿದರೆ ಮಾಸಲು ಕಲೆಯಂತೆ ಕಾಣುತ್ತದೆ.

ಆಮೇಲೆ ‘ಹಳೆತನ’ವನ್ನು ಪರೀಕ್ಷಿಸಿ. ನಿಜವಾದ ಸವೆತಕ್ಕೆ ಒಂದು ಲೆಕ್ಕ ಇದೆ. ಚರ್ಮದ ಹೋಲ್‌ಸ್ಟರ್‌ಗೆ ಉಜ್ಜುವ ಬ್ಯಾರಲ್ ತುದಿ, ಸಿಲಿಂಡರ್‌ನ ಅಂಚು, ಕೈ ಹಿಡಿಯುವ ಬ್ಯಾಕ್‌ಸ್ಟ್ರಾಪ್ ಮೊದಲು ಸವೆಯುತ್ತವೆ. ಲೋಡಿಂಗ್ ಲಿವರ್‌ನ ಸಂದಿ, ಬ್ಯಾರಲ್ ಫ್ರೇಮಿಗೆ ಕೂಡುವ ಮೂಲೆ ಇಲ್ಲೆಲ್ಲ ಹಳೇ ನೀಲಿ ಉಳಿದಿರಬೇಕು. ಆಸಿಡ್ ಹಾಕಿ ಮುದಿ ಮಾಡಿದ್ದು ಎಲ್ಲ ಕಡೆ ಒಂದೇ ಸಮ ಕಂದಾಗಿರುತ್ತದೆ, ಸಂದಿಯೊಳಗೂ ಹೊರಗೂ. ತುಕ್ಕು ತಿಂದ ಗುಳಿಗಳ ಮೇಲೆ ಅಕ್ಷರ ಇನ್ನೂ ಚೂಪಾಗಿದ್ದರೆ, ಅಕ್ಷರ ಬಂದದ್ದು ತುಕ್ಕಿನ ನಂತರ. ಅಸಲಿಯಲ್ಲಿ ಮೊದಲು ಅಕ್ಷರ ಬಂತು, ತುಕ್ಕು ಆಮೇಲೆ ಅದನ್ನೂ ತಿಂದಿತು.

ಸಿಲಿಂಡರ್ ಚಿತ್ರಕ್ಕೂ ಇದೇ ಕಣ್ಣು ಬೇಕು. 1843ರ ಮೇ 16ರಂದು ಕ್ಯಾಂಪೀಚೆಯಲ್ಲಿ ಟೆಕ್ಸಾಸ್ ಮತ್ತು ಮೆಕ್ಸಿಕೋ ಹಡಗುಗಳ ನಡುವೆ ನಡೆದ ಕಾಳಗ ಅದು. ಕೆತ್ತಿದ್ದು ಡಬ್ಲ್ಯು. ಎಲ್. ಓರ್ಮ್ಸ್‌ಬಿ. ಅಚ್ಚನ್ನು ಸಿಲಿಂಡರ್ ಮೇಲೆ ಒತ್ತಿ ಉರುಳಿಸುತ್ತಿದ್ದರು. ಗೆರೆಗಳು ಸಣ್ಣ, ಆಳ ಕಡಿಮೆ. ಅದಕ್ಕೇ ಬಳಸಿದ ಅಸಲಿಯಲ್ಲಿ ಚಿತ್ರ ಅಲ್ಲಲ್ಲಿ ಮಾಯವಾಗಿರುತ್ತದೆ. ಬ್ಯಾರಲ್ ಪೂರ್ತಿ ಬೋಳಾಗಿ ಸವೆದಿದ್ದು, ಸಿಲಿಂಡರ್‌ನ ಹಡಗುಗಳು ಮಾತ್ರ ನಿನ್ನೆ ಕೊರೆದಂತಿದ್ದರೆ ಸಿಲಿಂಡರ್ ಬೇರೆ ಕಡೆಯದು.

ಹಂತ 4: ನಂಬರ್‌ಗಳು

ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಅಳೆಯಲು ಸೀರಿಯಲ್ ನಂಬರ್‌ನಷ್ಟು ನೇರ ದಾರಿ ಇನ್ನೊಂದಿಲ್ಲ. ಹಳೇ 1851 ನೇವಿಯಲ್ಲಿ ಒಂದೇ ನಂಬರ್ ಬ್ಯಾರಲ್ ಬುಡದ ಕೆಳಗೆ, ಫ್ರೇಮ್ ಕೆಳಗೆ, ಟ್ರಿಗರ್ ಗಾರ್ಡ್ ಮೇಲೆ, ಹಿಡಿಕೆಯ ತಳದಲ್ಲಿ, ಸಿಲಿಂಡರ್‌ನಲ್ಲಿ, ಬ್ಯಾರಲ್ ಹಿಡಿದಿಡುವ ವೆಜ್‌ನಲ್ಲೂ ಇರುತ್ತದೆ. ರಿವಾಲ್ವರ್ ತಲೆಕೆಳಗೆ ಮಾಡಿ ಸಾಲಾಗಿ ಓದಿ. ಮೂರು ಕಡೆ ಒಂದೇ ನಂಬರ್, ನಾಲ್ಕನೇ ಕಡೆ ಬೇರೆ ಇದ್ದರೆ ಆ ಒಂದು ಭಾಗ ಬದಲಾಗಿದೆ. ಅದು ಇನ್ನೊಂದು ಹಳೇ ಕೋಲ್ಟ್‌ನದೂ ಆಗಿರಬಹುದು, ಇಟಲಿಯದೂ ಆಗಿರಬಹುದು. ಅಂಕಿಯ ಆಕಾರ ನೋಡಿ. ಒಂದೇ ಅಂಕಿ ಎರಡು ಕಡೆ ಬಂದಾಗ ಅದರ ಬಾಲ, ಹೊಟ್ಟೆ ಹೋಲಬೇಕು.

ವೆಜ್ ಒಂದರ ನಂಬರ್ ಕೂಡದಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಕಳೆದುಹೋಗುವ ಸಾಮಾನು. ಸಿಲಿಂಡರ್ ಕೂಡದಿದ್ದರೆ ಬೆಲೆ ಇಳಿಯಬೇಕು.

1873ರ ಸಿಂಗಲ್ ಆಕ್ಷನ್‌ನಲ್ಲಿ ಫ್ರೇಮ್, ಟ್ರಿಗರ್ ಗಾರ್ಡ್, ಬ್ಯಾಕ್‌ಸ್ಟ್ರಾಪ್ ಮೂರರಲ್ಲೂ ನಂಬರ್ ಹುಡುಕಿ. ಕೋಲ್ಟ್ 1956ರಲ್ಲಿ ಇದನ್ನು ಮತ್ತೆ ಶುರು ಮಾಡಿದಾಗ ನಂಬರ್ ಹಿಂದೆ ಎಸ್‌ಎ ಸೇರಿಸಿತು. 1978ರ ಹೊತ್ತಿಗೆ ಎಸ್‌ಎ ಮುಂದಕ್ಕೆ ಬಂತು.

ಹಂತ 5: ಬಣ್ಣ, ಹಿತ್ತಾಳೆ, ಮರ

ಇವು ಬೆಂಬಲದ ಸಾಕ್ಷಿಗಳು ಅಷ್ಟೇ. ಒಂದನ್ನೇ ನಂಬಿ ತೀರ್ಪು ಕೊಡಬೇಡಿ.

ಹಾರ್ಟ್‌ಫರ್ಡ್ ನೇವಿಯ ಹಿತ್ತಾಳೆಗೆ ಬೆಳ್ಳಿಯ ಲೇಪ ಇತ್ತು. ಕೈ ತಾಗುವಲ್ಲಿ ಹೋಗಿರುತ್ತದೆ, ಆದರೆ ಟ್ರಿಗರ್ ಗಾರ್ಡ್ ಫ್ರೇಮಿಗೆ ಕೂಡುವ ಮೂಲೆಯಲ್ಲಿ ಕಪ್ಪಗಾದ ಬೆಳ್ಳಿ ಉಳಿದಿರಬಹುದು. ಭೂತಗನ್ನಡಿ ಹಿಡಿಯಿರಿ. ಬಹುಪಾಲು ನಕಲುಗಳಲ್ಲಿ ಬರೀ ಹಿತ್ತಾಳೆ.

ಫ್ರೇಮಿನ ಬಣ್ಣದ ಮೋಡಗಳು ಕೇಸ್ ಹಾರ್ಡನಿಂಗ್‌ನಿಂದ ಬಂದವು. ಹಳೇ ರೀತಿಯಲ್ಲಿ ಫ್ರೇಮನ್ನು ಮೂಳೆ ಮತ್ತು ಇದ್ದಿಲ ಜೊತೆ ಪೆಟ್ಟಿಗೆಯಲ್ಲಿ ಕಾಯಿಸಿ ನೀರಿಗೆ ಬಿಡುತ್ತಾರೆ. ಅದರಲ್ಲಿ ನೀಲಿ, ಕಂದು, ಹುಲ್ಲಿನ ಬಣ್ಣ ಒಂದರೊಳಗೊಂದು ಕರಗಿರುತ್ತವೆ. ಇಟಲಿಯವುಗಳಲ್ಲಿ ಹೆಚ್ಚಾಗಿ ಬೂದು ಕಾಣುತ್ತದೆ, ಬಣ್ಣ ತೆಳು. ಆದರೆ ಇಟಲಿಯ ಫ್ರೇಮನ್ನು ಅಮೆರಿಕದ ಕಸುಬುದಾರರಿಗೆ ಕೊಟ್ಟು ಮೂಳೆ-ಇದ್ದಿಲ ಬಣ್ಣ ಹಾಕಿಸುವವರೂ ಇದ್ದಾರೆ. ಚಂದದ ಬಣ್ಣ ಕಂಡರೆ ಯಾರೋ ಚೆನ್ನಾಗಿ ಬಣ್ಣ ಹಾಕಿದ್ದಾರೆ ಅಂತ ಮಾತ್ರ ತಿಳಿಯಿರಿ.

ಹಿಡಿಕೆಯ ಮರಕ್ಕೆ ಕೆಂಪು ಕಿತ್ತಳೆ ಹೊಳಪಿನ ವಾರ್ನಿಷ್ ಇದ್ದರೆ ಇಟಲಿಯ ವಾಸನೆ ಬರುತ್ತದೆ. ಹಿಡಿಕೆ ಬದಲಿಸುವುದು ಸುಲಭ, ಇದಕ್ಕೆ ಜಾಸ್ತಿ ತೂಕ ಕೊಡಬೇಡಿ.

ಹಂತ 6: 1873ರ ಮಾದರಿಯಲ್ಲಿ ಬೇಸ್ ಪಿನ್ ಮತ್ತು ಹ್ಯಾಮರ್

ಸಿಲಿಂಡರ್ ತಿರುಗುವ ಅಚ್ಚು ಬೇಸ್ ಪಿನ್. ಕೋಲ್ಟ್‌ನಲ್ಲಿ ಅದನ್ನು ಹಿಡಿದಿಡಲು ಒಂದು ಕಚ್ಚು ಸಾಕು. ಉಬರ್ಟಿಯ ಅನೇಕ ರಿವಾಲ್ವರ್‌ಗಳಲ್ಲಿ ಎರಡು ಕಚ್ಚು ಕಾಣುತ್ತವೆ. ಪಿನ್ನನ್ನು ಎರಡನೇ ಕಚ್ಚಿಗೆ ಹಿಂದಕ್ಕೆ ತಳ್ಳಿದರೆ ಅದರ ತುದಿ ಹ್ಯಾಮರ್‌ಗೆ, ಅಂದರೆ ತೋಟಾಕ್ಕೆ ಪೆಟ್ಟು ಕೊಡುವ ಸುತ್ತಿಗೆಗೆ, ಅಡ್ಡ ನಿಲ್ಲುತ್ತದೆ. ಇನ್ನು ಕೆಲವು ಆಮದುಗಳಲ್ಲಿ ಹ್ಯಾಮರ್‌ನ ಮುಖದಲ್ಲೇ ಒಂದು ಸಣ್ಣ ತಡೆ ಇರುತ್ತದೆ.

ಇದಕ್ಕೆ ಕಾರಣ ಕಾನೂನು. 1968ರ ನಂತರ ಅಮೆರಿಕಕ್ಕೆ ಬರುವ ಕೈಬಂದೂಕಿಗೆ ಸುರಕ್ಷತೆಯ ಷರತ್ತು ಬಂತು. ದೇಶದೊಳಗೆ ಮಾಡುವ ಕೋಲ್ಟ್‌ಗೆ ಆ ಆಮದು ಷರತ್ತು ತಾಗಲಿಲ್ಲ. ಹಾಗಾಗಿ ಬರಿಗಣ್ಣಿಗೆ ಕಾಣುವ ಈ ಎರಡನೇ ಕಚ್ಚು ಒಂಥರಾ ಕಸ್ಟಮ್ಸ್ ಚೀಟಿ ಇದ್ದಂತೆ. ಪಿನ್ ಬದಲಾಗಿರಬಹುದು, ಹಾಗಾಗಿ ಹ್ಯಾಮರ್ ಮುಖವನ್ನೂ ಜೊತೆಗೆ ನೋಡಿ.

ಫ್ರೇಮಿನ ಎಡಬದಿಯ ಪೇಟೆಂಟ್ ತಾರೀಖುಗಳನ್ನು ಇಟಲಿಯವರೂ ನಕಲು ಮಾಡುತ್ತಾರೆ. ಅವುಗಳಿಂದ ಏನೂ ತೀರ್ಮಾನವಾಗದು. ಬದಲಿಗೆ ಟ್ರಿಗರ್ ಗಾರ್ಡ್ ಮುಂದೆ ತ್ರಿಕೋನದೊಳಗೆ ವಿಪಿ ಅಕ್ಷರ ಇದೆಯೇ ನೋಡಿ. ಅದು 20ನೇ ಶತಮಾನದ ಕೋಲ್ಟ್ ಕಾರ್ಖಾನೆಯ ಸ್ವಂತ ಪರೀಕ್ಷೆಯ ಗುರುತು.

ಹಂತ 7: ಎರಡು ದೇಶದ ಕೂಸುಗಳು

1971ರಲ್ಲಿ ಕೋಲ್ಟ್ ಕಂಪನಿಯೇ ಕೇಪಿನ ರಿವಾಲ್ವರ್ ಮತ್ತೆ ಮಾರಲು ಶುರು ಮಾಡಿತು, 1982ರವರೆಗೆ. ಸಂಗ್ರಹಕಾರರು ಇವನ್ನು ಸೆಕೆಂಡ್ ಜನರೇಷನ್ ಅನ್ನುತ್ತಾರೆ. ಭಾಗಗಳು ಒರಟು ರೂಪದಲ್ಲಿ ಇಟಲಿಯ ಉಬರ್ಟಿಯಿಂದ ಬಂದವು, ಅರ ಹಾಕಿ ಹೊಂದಿಸಿ ಬಣ್ಣ ಕೊಟ್ಟದ್ದು ಅಮೆರಿಕದಲ್ಲಿ. ಪ್ರೂಫ್ ಹೌಸ್ ಪರೀಕ್ಷಿಸುವುದು ಈಡು ಹಾರಿಸಬಲ್ಲ ಸರಕನ್ನು. ಒರಟು ತುಂಡುಗಳಿಗೆ ಠಸ್ಸೆ ಬೀಳುವುದಿಲ್ಲ. ಹಾಗಾಗಿ ಇವುಗಳ ಮೇಲೆ ಗಾರ್ಡೋನೆ ಹುಡುಕಿದರೆ ಸಿಗುವುದಿಲ್ಲ, ಕೋಲ್ಟ್ ವಿಳಾಸ ಮಾತ್ರ ಸಿಗುತ್ತದೆ. 1994ರಿಂದ 2002ರವರೆಗೆ ಬ್ರೂಕ್ಲಿನ್‌ನಲ್ಲಿ ಕೋಲ್ಟ್ ಬ್ಲ್ಯಾಕ್‌ಪೌಡರ್ ಆರ್ಮ್ಸ್ ಕಂಪನಿ ಇದೇ ರೀತಿ ಸಿಗ್ನೇಚರ್ ಸರಣಿ ಮಾಡಿತು. ಬ್ಯಾಕ್‌ಸ್ಟ್ರಾಪ್ ಮೇಲೆ ಸ್ಯಾಮ್ ಕೋಲ್ಟ್ ಸಹಿ ಇದ್ದರೆ ಅದೇ.

1873ರ ಮಾದರಿಯಲ್ಲೂ ಇಂಥದ್ದೇ ಕಥೆ ಇದೆ. 1990ರ ದಶಕದಲ್ಲಿ ಹಾರ್ಟ್‌ಫರ್ಡ್‌ನಲ್ಲೇ ಶುರುವಾದ ಯು.ಎಸ್. ಪೇಟೆಂಟ್ ಫೈರ್-ಆರ್ಮ್ಸ್ ಮೊದಲು ಉಬರ್ಟಿಯ ಭಾಗಗಳನ್ನು ತರಿಸಿ ಅಲ್ಲಿ ಜೋಡಿಸಿ ಬಣ್ಣ ಕೊಡುತ್ತಿತ್ತು. ಆಮೇಲೆ ಭಾಗಗಳನ್ನೂ ಅಮೆರಿಕದಲ್ಲೇ ಮಾಡಿತು, ಹೆಸರನ್ನು ಯು.ಎಸ್. ಫೈರ್ ಆರ್ಮ್ಸ್ ಎಂದು ಚಿಕ್ಕದು ಮಾಡಿಕೊಂಡಿತು. ಬ್ಯಾರಲ್ ಮೇಲೆ ಹಳೇ ಉದ್ದದ ಹೆಸರಿನ ಗುರುತು ಇದ್ದರೆ ಇಟಲಿಯ ಭಾಗ ಇರುವ ಸಾಧ್ಯತೆ ಜಾಸ್ತಿ. ಆದರೆ ಕಾರ್ಖಾನೆ ಬದಲಾಗುವ ಕಾಲದಲ್ಲಿ ಕಪಾಟಿನಲ್ಲಿದ್ದ ಹಳೇ ಸಾಮಾನನ್ನು ಯಾರೂ ಎಸೆಯುವುದಿಲ್ಲ, ಅಲ್ವಾ? ಹಂತ 6ರ ಎರಡು ಕಚ್ಚಿನ ಪಿನ್, ಹ್ಯಾಮರ್ ತಡೆ ಇಲ್ಲಿ ಕೆಲಸಕ್ಕೆ ಬರುತ್ತವೆ.

ಇವು ಆಮದೋ ಸ್ವದೇಶಿಯೋ? ನನ್ನನ್ನು ಕೇಳಿದರೆ, ಎರಡರಲ್ಲಿ ಒಂದನ್ನು ಆರಿಸು ಅನ್ನುವುದೇ ಸರಿಯಲ್ಲ. ಸೆಕೆಂಡ್ ಜನರೇಷನ್ ನೇವಿಯನ್ನು ಕೋಲ್ಟ್ ಅಲ್ಲ ಅನ್ನಲು ನನಗೆ ಮನಸ್ಸಿಲ್ಲ. ಅದರ ಹೊಳಪು, ಹೊಂದಾಣಿಕೆ ಅದೇ ಕಾಲದ ಸಾಮಾನ್ಯ ಇಟಲಿ ನಕಲಿಗಿಂತ ಮೇಲು. ಪೂರ್ತಿ ಅಮೆರಿಕದಲ್ಲೇ ಮಾಡಿದ್ದು ಎಂದು ಹೇಳಿ ಅದಕ್ಕೆ ಹೆಚ್ಚಿನ ಬೆಲೆ ಕೇಳಿದರೆ ಮಾತ್ರ ನಾನು ಒಪ್ಪುವುದಿಲ್ಲ.

ಹಂತ 8: ಕಾಗದ

ನೋಡಿ ಮುಗಿದ ಮೇಲೆ ಪ್ರತಿ ಗುರುತಿನ ಫೋಟೋ ತೆಗೆಯಿರಿ. ಮಾರುವವರನ್ನು ‘ಅಸಲಿಯಾ?’ ಎಂದು ಕೇಳಬೇಡಿ, ಹೌದು ಅಂತಾರೆ. ‘ಫ್ರೇಮ್ ಎಲ್ಲಿಯದು, ಸಿಲಿಂಡರ್ ಎಲ್ಲಿಯದು, ಬಣ್ಣ ಯಾವಾಗ ಹಾಕಿದ್ದು’ ಅಂತ ಬಿಡಿಬಿಡಿಯಾಗಿ ಕೇಳಿ. ಬಿಲ್‌ನಲ್ಲಿ ತಯಾರಕರ ಹೆಸರು, ವರ್ಷ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಮುಂದಿನ ಮೇಜಿಗೆ ನಡೆಯಿರಿ.

ಕೋಲ್ಟ್‌ನ 1873ರ ಮಾದರಿಯಾಗಿದ್ದು ಬೆಲೆ ದೊಡ್ಡದಾದರೆ ಕಂಪನಿಯ ಆರ್ಕೈವ್‌ನಿಂದ ಪತ್ರ ತರಿಸಬಹುದು. ಹಣ ಕೊಡಬೇಕು. ಆ ಸೀರಿಯಲ್ ನಂಬರ್‌ನ ರಿವಾಲ್ವರ್ ಕಾರ್ಖಾನೆ ಬಿಟ್ಟಾಗ ಕ್ಯಾಲಿಬರ್ ಎಷ್ಟಿತ್ತು, ಬ್ಯಾರಲ್ ಉದ್ದ ಎಷ್ಟು, ಬಣ್ಣ ಯಾವುದು, ಯಾರಿಗೆ ಹೋಯಿತು ಎಂಬ ದಾಖಲೆ ಅದರಲ್ಲಿ ಇರುತ್ತದೆ. ಪತ್ರದಲ್ಲಿ ನಿಕಲ್ ಲೇಪದ ಉದ್ದ ಬ್ಯಾರಲ್ ಅಂತಿದ್ದು, ಮೇಜಿನ ಮೇಲಿರುವುದು ನೀಲಿ ಬಣ್ಣದ ಗಿಡ್ಡ ಬ್ಯಾರಲ್ ಆದರೆ, ಯಾವ ಭಾಗದಿಂದ ಮತ್ತೆ ಹುಡುಕಲು ಶುರು ಮಾಡಬೇಕು ಎಂಬುದು ಗೊತ್ತಾಯಿತಲ್ಲ.